ಹಂಚಿದ್ದರ ಲೆಕ್ಕ, ಬದಲಾದದ್ದರ ಲೆಕ್ಕ

ನಾನು ಬಿಡುವಿನ ವೇಳೆಯಲ್ಲಿ ದುಡಿಯುವ ಸಣ್ಣ ಸೇವಾ ಸಂಸ್ಥೆಯಲ್ಲಿ ಸಹಾಯ ಪಡೆಯುವ ಕುಟುಂಬಗಳದೊಂದು ಪಟ್ಟಿ ಇದೆ. ಪ್ರತಿ ವರ್ಷ ಅದನ್ನು ಹೊಸದಾಗಿ ಬರೆಯುತ್ತೇವೆ. ಬರೆದು ಮುಗಿಸಿದಾಗ ಹೆಚ್ಚುಕಡಿಮೆ ಹಿಂದಿನ ವರ್ಷದ ಪಟ್ಟಿಯೇ ಎದುರಿಗಿರುತ್ತದೆ. ಕೆಲವು ಹೆಸರುಗಳು ಸೇರಿರುತ್ತವೆ, ಒಂದಿಷ್ಟು ಕುಟುಂಬಗಳು ಮನೆ ಬದಲಿಸಿ ಬೇರೆಡೆಗೆ ಹೋಗಿರುತ್ತವೆ. ಆದರೆ, 'ಇನ್ನು ನಮಗೆ ಬೇಡ, ನಮ್ಮ ಕಾಲ ಮೇಲೆ ನಾವು ನಿಂತಿದ್ದೇವೆ' ಎಂದು ಹೇಳಿ ಹೊರಗೆ ಹೋದವರನ್ನು ಹುಡುಕಿದರೆ ಬಹಳ ಕಡಿಮೆ ಜನ ಸಿಗುತ್ತಾರೆ. ಈ ಸಲದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಹೊಸ ಖಜಾಂಚಿಯವರು ಲೆಕ್ಕಪತ್ರ ಓದಿ ಮುಗಿಸಿದ ಮೇಲೆ ಕೇಳಿದ್ದು ಇದನ್ನೇ: "ಹಂಚಿದ್ದಕ್ಕೆಲ್ಲ ರಸೀದಿ ಇದೆ. ಆದರೆ ಇದರಿಂದ ಯಾರ ಮನೆಯಲ್ಲಿ ಏನು ಬದಲಾಯಿತು ಎಂಬುದು ಎಲ್ಲಿಯೂ ಬರೆದಿಲ್ಲವಲ್ಲ?"

ಆ ಪ್ರಶ್ನೆಗೆ ಸಭೆಯಲ್ಲಿ ಎರಡು ಉತ್ತರಗಳು ಬಂದವು. ಮೊದಲನೆಯದು ಎಲ್ಲರೂ ಕೇಳಿರುವಂಥದ್ದು. ಕೊಟ್ಟು ಕೊಟ್ಟು ನಾವೇ ಅಭ್ಯಾಸ ಮಾಡಿಸಿದ್ದೇವೆ, ಸುಮ್ಮನೆ ಬರುವುದನ್ನು ಯಾರು ತಾನೇ ಬಿಡುತ್ತಾರೆ ಎಂಬುದು. ಈ ಮಾತಿಗೆ ವಯಸ್ಸಾಗಿದೆ. 1869ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ದಾನ ಸಂಘಟನಾ ಸಂಘವು ನಗರದ ಚದುರಿದ ದಾನಧರ್ಮವನ್ನೆಲ್ಲ ಒಂದು ಶಿಸ್ತಿಗೆ ತರಲು ಹೊರಟಾಗ ಅದರ ಹಿಂದೆ ಇದ್ದದ್ದೂ ಇದೇ ಅಂಜಿಕೆ. ಆ ಸಂಘದವರು ಮನೆಮನೆಗೆ ಹೋಗಿ ವಿಚಾರಣೆ ನಡೆಸಿ, ಸಹಾಯಕ್ಕೆ ಅರ್ಹರಾದ ಬಡವರು, ಅರ್ಹರಲ್ಲದ ಬಡವರು ಎಂದು ವಿಂಗಡಿಸುತ್ತಿದ್ದರು. ಒಂದೊಂದು ಕುಟುಂಬದ ಸ್ಥಿತಿಯನ್ನೂ ಬಿಡಿಯಾಗಿ ನೋಡುವ ಪದ್ಧತಿ ಸಮಾಜಕಾರ್ಯಕ್ಕೆ ಅಲ್ಲಿಂದ ಬಂತು, ಅದನ್ನು ಒಪ್ಪಿಕೊಳ್ಳಬೇಕು. ಜೊತೆಗೆ ಬಡವರನ್ನು ಶಂಕೆಯಿಂದ ನೋಡುವ ಕಣ್ಣೂ ಅಲ್ಲಿಂದಲೇ ಬಂತು. ಒಂದೂವರೆ ಶತಮಾನ ದಾಟಿದರೂ ಆ ಕಣ್ಣು ಇನ್ನೂ ನಮ್ಮ ಮುಖದ ಮೇಲಿದೆ.

ಎರಡನೆಯ ಉತ್ತರ ಹೇಳಿದವರು ಮನೆಗಳಿಗೆ ಹೋಗಿ ಬರುವ ಕಾರ್ಯಕರ್ತೆ. ನಾವು ಕೊಡುವುದು ತಿಂಗಳು ದಾಟಿಸಲು ಸಾಕಾಗುತ್ತದೆಯೇ ಹೊರತು ಸಂಕಷ್ಟ ದಾಟಿಸಲು ಅಲ್ಲ ಎಂದರು ಅವರು. ನಾನು ಅವರ ಪಕ್ಷ. ಯಾಕೆಂದರೆ ಆ ಲೆಕ್ಕವನ್ನು ಒಂದು ಮನೆಯಲ್ಲಿ ಕೂತು ನೋಡಿದ್ದೇನೆ. ಆ ಮನೆಯ ಹೆಣ್ಣುಮಗಳು ಬೇರೆಯವರ ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಗಂಡನಿಗೆ ಬೆನ್ನಿಗೆ ಪೆಟ್ಟಾದ ಮೇಲೆ ಭಾರ ಎತ್ತುವ ಕೆಲಸ ಸಾಧ್ಯವಿಲ್ಲ. ಚಿಕಿತ್ಸೆಗೆಂದು ತೆಗೆದುಕೊಂಡ ಕೈಸಾಲದ ಬಡ್ಡಿ ಪ್ರತಿ ತಿಂಗಳೂ ಕಟ್ಟಬೇಕು. ನಮ್ಮ ದಿನಸಿ ಕಿಟ್ ತಲುಪಿದ ತಿಂಗಳು ಅಡುಗೆಯ ಸಾಮಾನಿಗೆ ಹೋಗಬೇಕಿದ್ದ ಹಣ ಉಳಿಯುತ್ತದೆ, ಉಳಿದದ್ದು ಬಡ್ಡಿಗೆ ಹೋಗುತ್ತದೆ. ಹಾಳೆಯ ಮೇಲೆ ನಾವು ಸಹಾಯ ಮಾಡಿದ್ದು ಆ ಕುಟುಂಬಕ್ಕೆ, ಹಣ ಹೋಗಿ ಸೇರಿದ್ದು ಸಾಲ ಕೊಟ್ಟವನ ಪೆಟ್ಟಿಗೆಗೆ. ಅಸಲು ಇದ್ದ ಹಾಗೇ ಇದೆ. ಇಂಥ ಮನೆ ನಮ್ಮ ಪಟ್ಟಿಯಿಂದ ಹೊರಗೆ ಹೋಗುವುದಾದರೂ ಹೇಗೆ? ಅವರಿಗೆ ಅಭ್ಯಾಸವಾಗಿದೆ ಎಂದು ಹೇಳುವವರು ಒಮ್ಮೆ ಆ ಹೆಣ್ಣುಮಗಳು ಬೆಳಿಗ್ಗೆ ಏಳುವ ಹೊತ್ತಿಗೆ ಎದ್ದು ನೋಡಬೇಕು.

ಆ ಸಭೆಯ ನಂತರ ನಾವು ನಮ್ಮ ಕೆಲಸವನ್ನು ಮೊದಲಿನಿಂದ ಬಿಚ್ಚಿ ನೋಡಲು ಶುರುಮಾಡಿದೆವು. ಮೊದಲು ಕೈಗೆ ಬಂದದ್ದು ಅರ್ಜಿ ನಮೂನೆ. ಹೆಸರು, ವಿಳಾಸ, ಮನೆಯಲ್ಲಿರುವವರ ಸಂಖ್ಯೆ, ಮಾಸಿಕ ಆದಾಯ, ಸ್ವಂತ ಮನೆಯೋ ಬಾಡಿಗೆಯೋ, ಸಾಲ ಎಷ್ಟು, ಕಾಯಿಲೆ ಏನು, ಅಂಗವೈಕಲ್ಯ ಉಂಟೆ, ಬೇರೆ ಕಡೆಯಿಂದ ಸಹಾಯ ಬರುತ್ತಿದೆಯೆ, ಕೊನೆಯಲ್ಲಿ 'ಮೇಲಿನ ವಿವರಗಳು ಸುಳ್ಳೆಂದು ಕಂಡುಬಂದಲ್ಲಿ' ಎಂದು ಆರಂಭವಾಗುವ ಒಂದು ವಾಕ್ಯ ಮತ್ತು ಸಹಿ ಅಥವಾ ಹೆಬ್ಬೆಟ್ಟಿನ ಗುರುತು. ಎರಡೂ ಪುಟಗಳಲ್ಲಿ ಆ ಮನುಷ್ಯನಲ್ಲಿ ಏನಿಲ್ಲ ಎಂಬುದಷ್ಟೇ ಇದೆ. ನಿಮಗೆ ಏನು ಗೊತ್ತು, ಯಾವ ಕೆಲಸದಲ್ಲಿ ಕೈ ಪಳಗಿದೆ, ನಿಮ್ಮ ಬೀದಿಯಲ್ಲಿ ಯಾರ ಕಷ್ಟಕ್ಕೆ ನೀವು ಓಡುತ್ತೀರಿ, ನಿಮ್ಮ ಕಷ್ಟಕ್ಕೆ ಯಾರು ಓಡಿಬರುತ್ತಾರೆ, ಮುಂದಿನ ವರ್ಷ ಏನಾಗಲಿ ಎಂದು ನಿಮಗಿದೆ ಎಂದು ಕೇಳುವ ಒಂದು ಸಾಲೂ ಇಲ್ಲ.

ಇದು ಬರೀ ಸೌಜನ್ಯದ ವಿಷಯವಲ್ಲ. 1993ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮ್ಯಾಕ್‌ನೈಟ್ ವಾದಿಸಿದ್ದು ಇದನ್ನೇ: ಒಂದು ಬಡಾವಣೆಯನ್ನು ಅದರ ಕೊರತೆಗಳ ನಕ್ಷೆಯಾಗಿ ಮಾತ್ರ ನೋಡುತ್ತಾ ಹೋದರೆ, ಅಲ್ಲಿಯ ಜನರೂ ತಮ್ಮನ್ನು ಹಾಗೆಯೇ ಕಾಣಲು ಕಲಿಯುತ್ತಾರೆ; ಕೊರತೆಯನ್ನು ಹೆಚ್ಚು ತೋರಿಸಿಕೊಂಡವರಿಗೇ ಹೆಚ್ಚು ಸಹಾಯ ಎಂಬ ಪಾಠವನ್ನೂ ಕಲಿಯುತ್ತಾರೆ. ನಮ್ಮ ಅರ್ಜಿ ಕಲಿಸುತ್ತಿದ್ದುದೂ ಅದೇ ಪಾಠ. ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ತಟ್ಟಿದೆ. 2019ರಲ್ಲಿ ಎಟಿಡಿ ಫೋರ್ತ್ ವರ್ಲ್ಡ್ ಎಂಬ ಚಳವಳಿ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ಒಂದು ಸಂಶೋಧನೆಯನ್ನು ಹೊರತಂದವು. ಬಾಂಗ್ಲಾದೇಶ, ಬೊಲಿವಿಯಾ, ಫ್ರಾನ್ಸ್, ತಾಂಜಾನಿಯಾ, ಬ್ರಿಟನ್ ಮತ್ತು ಅಮೆರಿಕದಲ್ಲಿ ಬಡತನವನ್ನು ಬಾಳಿದವರನ್ನೇ ಸಹಸಂಶೋಧಕರನ್ನಾಗಿ ಕೂರಿಸಿಕೊಂಡು, ಬಡತನ ಎಂದರೆ ಏನೇನು ಎಂದು ಅವರಿಂದಲೇ ಕೇಳಿ ತಿಳಿದರು. ಹೊರಬಂದ ಒಂಬತ್ತು ಮುಖಗಳಲ್ಲಿ ಆದಾಯದ ಕೊರತೆ, ಗೌರವದ ಕೆಲಸದ ಕೊರತೆ, ಬೇಕಾದ ವಸ್ತುಗಳ ಕೊರತೆ ಇದ್ದೇ ಇವೆ. ಜೊತೆಗೆ ಜನರ ಕೀಳು ನೋಟವಿದೆ, ಸಂಸ್ಥೆಗಳು ನಡೆಸಿಕೊಳ್ಳುವ ರೀತಿಯಿದೆ, ತಾವು ಸಮಾಜಕ್ಕೆ ಕೊಡುತ್ತಿರುವುದನ್ನು ಯಾರೂ ಗುರುತಿಸದಿರುವ ನೋವಿದೆ.

ಸಂಸ್ಥೆಗಳು ನಡೆಸಿಕೊಳ್ಳುವ ರೀತಿ ಬಡತನದ ಒಂದು ಭಾಗ ಎಂದಾದರೆ, ಬಡತನ ತೆಗೆಯಲು ಹೊರಟ ಸಂಸ್ಥೆಯೇ ಅದನ್ನು ಒಂದಿಷ್ಟು ಕೂಡಿಸುತ್ತಿರಬಹುದು. ಇದನ್ನು ಓದಿದ ದಿನ ನಮ್ಮ ಸಮಿತಿಯಲ್ಲಿ ಹಿರಿಯರೊಬ್ಬರು ಬಹಳ ಬೇಸರಪಟ್ಟರು. ಆಯುಷ್ಯದ ಅರ್ಧವನ್ನು ಈ ಕೆಲಸಕ್ಕೆ ಕೊಟ್ಟವರು ಅವರು. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಒಳ್ಳೆಯ ಮನಸ್ಸಿನಿಂದ ಹಾಕಿದ ಸಾಲಿನಲ್ಲೂ ನಿಂತವರ ತಲೆ ತಗ್ಗಿಯೇ ಇರುತ್ತದೆ.

ಸಾಲಿನ ವಿಷಯ ಬಂದದ್ದರಿಂದ ಸಮಯದ ವಿಷಯ ಹೇಳಬೇಕು. ದಿನಗೂಲಿ ದುಡಿಯುವವರಿಗೆ ಅರ್ಧ ದಿನ ಎಂದರೆ ಅರ್ಧ ದಿನದ ಸಂಬಳ. ಒಂದು ಸಂಸ್ಥೆ ಸೋಮವಾರ ಬೆಳಿಗ್ಗೆ ಹಂಚುತ್ತದೆ, ಇನ್ನೊಂದು ಗುರುವಾರ ಮಧ್ಯಾಹ್ನ. ದೃಢೀಕರಣ ಪತ್ರಕ್ಕೆ ಒಂದು ಕಚೇರಿ, ಅದರ ನಕಲಿಗೆ ಇನ್ನೊಂದು ಅಂಗಡಿ, ಸಹಿ ಮಾಡುವವರು ಇಲ್ಲದಿದ್ದರೆ ನಾಳೆ ಮತ್ತೆ ಬರಬೇಕು. ನಮ್ಮ ವಿತರಣೆ ನಡೆಯುತ್ತಿದ್ದುದು ಸ್ವಯಂಸೇವಕರಿಗೆ ಅನುಕೂಲವಾದ ಹೊತ್ತಿನಲ್ಲಿ. ತೆಗೆದುಕೊಳ್ಳುವವರಿಗೆ ಯಾವ ಹೊತ್ತು ಅನುಕೂಲ ಎಂದು ಕೇಳಿದಾಗ ಬಂದ ಉತ್ತರ ಒಂದೇ: ಸಂಜೆ, ಕೆಲಸ ಮುಗಿದ ಮೇಲೆ. ಕೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಬರೀ ಗಂಟೆಗಳಷ್ಟೇ ಹೋಗುವುದಿಲ್ಲ, ಬುದ್ಧಿಯ ಬಿಡುವೂ ಹೋಗುತ್ತದೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಎರಡು ಬಾರಿ ಪರೀಕ್ಷೆ ಕೊಟ್ಟರು. ಒಮ್ಮೆ ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ. ಮತ್ತೊಮ್ಮೆ ಕಟಾವಾಗಿ ಹಣ ಬಂದ ಮೇಲೆ. ಅದೇ ರೈತರು, ಅದೇ ತಲೆ. ಆದರೂ ಕೈ ಬರಿದಾಗಿದ್ದಾಗ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಬಾಡಿಗೆ, ಬಡ್ಡಿ, ಮಗುವಿನ ಜ್ವರ, ನಾಳೆಯ ಕೂಲಿ ಎಲ್ಲ ಒಟ್ಟಿಗೆ ತಲೆಯಲ್ಲಿ ತಿರುಗುತ್ತಿರುವಾಗ ನಮ್ಮ ಎರಡು ಪುಟದ ಅರ್ಜಿಯಲ್ಲಿ ಒಂದು ಅಂಕಣ ಖಾಲಿ ಉಳಿದರೆ ಅದನ್ನು ಬೇಜವಾಬ್ದಾರಿ ಎಂದು ಕರೆಯುವ ಹಕ್ಕು ನಮಗೆ ಇಲ್ಲ. ಆದ್ದರಿಂದ ಅರ್ಜಿಯನ್ನು ಒಂದು ಪುಟಕ್ಕೆ ಇಳಿಸಿದೆವು. ಒಮ್ಮೆ ಕೊಟ್ಟ ದಾಖಲೆಯನ್ನು ಮತ್ತೆ ಕೇಳುವುದಿಲ್ಲ ಎಂದು ತೀರ್ಮಾನಿಸಿದೆವು. 'ಸುಳ್ಳೆಂದು ಕಂಡುಬಂದಲ್ಲಿ' ಎಂಬ ವಾಕ್ಯವನ್ನು ತೆಗೆದು ಹಾಕುವುದಕ್ಕೆ ಒಂದು ಸಂಜೆಯಿಡೀ ವಾದ ನಡೆಯಿತು, ಕೊನೆಗೂ ತೆಗೆದೆವು.

ಕಿಟ್ ಬದಲು ನಗದು ಕೊಡಬಾರದೇಕೆ ಎಂಬ ಚರ್ಚೆಯೂ ಅಲ್ಲಿಂದಲೇ ಎದ್ದಿತು. ನಗದು ಎಂದ ಕೂಡಲೇ ಕುಡಿತದ ಮಾತು ಬರುತ್ತದೆ, ನಮ್ಮಲ್ಲೂ ಬಂತು. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಆನಾ ಪೊಪೊವಾ 2014ರಲ್ಲಿ ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾಗಳ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದನ್ನೇ ಪರಿಶೀಲಿಸಿದ್ದರು. ನಗದು ಕೈಗೆ ಬಂದ ಕಡೆ ಮದ್ಯ ಮತ್ತು ತಂಬಾಕಿನ ಮೇಲಿನ ಖರ್ಚು ಒಟ್ಟಾರೆ ಏರಿಲ್ಲ, ಕೆಲವೆಡೆ ಇಳಿದಿದೆ ಎಂಬುದು ಅವರು ಕಂಡದ್ದು. ನಮ್ಮ ಸಮಿತಿ ಅರ್ಧ ಒಪ್ಪಿತು. ಒಂದಷ್ಟು ಕುಟುಂಬಗಳಿಗೆ ನಗದು, ಉಳಿದವರಿಗೆ ಮೊದಲಿನಂತೆ ಕಿಟ್, ಆಯ್ಕೆ ಅವರದೇ. ಈ ವಿಷಯ ಇಷ್ಟಕ್ಕೆ ಸಾಕು, ಇದಕ್ಕಿಂತ ಕಷ್ಟದ ಮಾತುಗಳು ಮುಂದಿವೆ.

ಎಟಿಡಿ ಚಳವಳಿಯ ಹುಟ್ಟಿನ ಕಥೆಯೇ ನಮ್ಮ ಸಮಿತಿಯನ್ನು ಅತಿ ಹೆಚ್ಚು ಕಾಡಿದೆ. ಜೋಸೆಫ್ ವ್ರೆಸಿನ್‌ಸ್ಕಿ ಎಂಬ ಪಾದ್ರಿ ಸ್ವತಃ ಕಡುಬಡತನದಲ್ಲಿ ಬೆಳೆದವರು. 1956ರಲ್ಲಿ ಅವರು ಪ್ಯಾರಿಸ್ಸಿನ ಹೊರವಲಯದ ನುವಾಸಿ-ಲ-ಗ್ರಾಂ ಎಂಬಲ್ಲಿದ್ದ ವಸತಿಹೀನರ ಶಿಬಿರಕ್ಕೆ ಹೋದರು. ಕೆಸರಿನ ನಡುವೆ ಅರ್ಧ ಕೊಳವೆಯಾಕಾರದ ಗುಡಿಸಲುಗಳು, ದಿನವೂ ಬಂದು ಊಟ ಬಟ್ಟೆ ಹಂಚಿಹೋಗುವ ದಾನಿಗಳು. ವ್ರೆಸಿನ್‌ಸ್ಕಿ ಆ ಊಟದ ಹಂಚಿಕೆಯನ್ನು ನಿಲ್ಲಿಸಿದರು. ಅದರ ಜಾಗದಲ್ಲಿ ಗ್ರಂಥಾಲಯ, ಚಿಕ್ಕ ಮಕ್ಕಳ ಶಾಲೆ, ಕೆಲಸದ ಕಾರ್ಯಾಗಾರ ಎದ್ದವು. 1957ರಲ್ಲಿ ಶಿಬಿರದ ಕುಟುಂಬಗಳ ಜೊತೆ ಸೇರಿಯೇ ಸಂಘ ಕಟ್ಟಿದರು. ಮೂವತ್ತು ವರ್ಷಗಳ ನಂತರ, 1987ರ ಅಕ್ಟೋಬರ್ 17ರಂದು ಪ್ಯಾರಿಸ್ಸಿನ ಟ್ರೊಕಾಡೆರೊದಲ್ಲಿ ಅವರ ಕರೆಗೆ ಲಕ್ಷ ಜನ ಸೇರಿದರು. ಬಡತನಕ್ಕೆ ದೂಡುವುದು ಮಾನವ ಹಕ್ಕುಗಳ ಉಲ್ಲಂಘನೆ ಎಂದು ಅಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರು. 1992ರಲ್ಲಿ ವಿಶ್ವಸಂಸ್ಥೆ ಅದೇ ದಿನಾಂಕವನ್ನು ಬಡತನ ನಿರ್ಮೂಲನೆಯ ಅಂತರರಾಷ್ಟ್ರೀಯ ದಿನವೆಂದು ಸ್ವೀಕರಿಸಿತು.

ಈ ಕಥೆ ಕೇಳಿದ ಕೂಡಲೇ ಸಮಿತಿಯ ಕಿರಿಯ ಸದಸ್ಯರೊಬ್ಬರು, "ಹಾಗಾದರೆ ನಾವೂ ಕಿಟ್ ನಿಲ್ಲಿಸೋಣ, ತರಬೇತಿ ಶುರುಮಾಡೋಣ" ಎಂದರು. ನಾನು ಇದನ್ನು ಬಲವಾಗಿ ವಿರೋಧಿಸಿದೆ, ಈಗಲೂ ವಿರೋಧಿಸುತ್ತೇನೆ. ವ್ರೆಸಿನ್‌ಸ್ಕಿ ಆ ಕೆಸರಿನಲ್ಲೇ ಇಳಿದು ಬದುಕಿದವರು. ಹಸಿವು ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂಜೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗುವವರು ಒಂದು ನಿರ್ಣಯ ಪಾಸು ಮಾಡಿ ಇನ್ನೊಬ್ಬರ ಕಿಟ್ ನಿಲ್ಲಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ವಾವಲಂಬನೆ, ಸಬಲೀಕರಣ ಎಂಬ ದೊಡ್ಡ ಮಾತುಗಳ ಹೆಸರಿನಲ್ಲಿ ಕೊಡುತ್ತಿದ್ದುದನ್ನು ಕಿತ್ತುಕೊಂಡ ಎಷ್ಟೋ ಉದಾಹರಣೆಗಳನ್ನು ಎಲ್ಲರೂ ನೋಡಿದ್ದೇವೆ. ಮುಳುಗುತ್ತಿರುವವನಿಗೆ ಈಜು ಕಲಿಸುವ ಮುಂಚೆ ಅವನನ್ನು ದಡಕ್ಕೆ ಎಳೆಯಬೇಕು. ಕಿಟ್ ನಿಲ್ಲಬೇಕಾದರೆ ಅದನ್ನು ಪಡೆಯುವವರು ಬೇಡ ಎನ್ನಬೇಕು. ಅಲ್ಲಿಯವರೆಗೆ ಅದು ಇರಲಿ, ಅದರ ಪಕ್ಕದಲ್ಲಿ ಬೇರೆಯದು ಬೆಳೆಯಲಿ.

ಆ ಬೇರೆಯದು ಏನು ಎಂಬುದು ಸುಲಭದ ಪ್ರಶ್ನೆಯಲ್ಲ. ಹಣ ಬಂದರೆ ನೆಮ್ಮದಿ ತಾನಾಗಿ ಬರುತ್ತದೆ ಎಂದು ನಂಬಿದವರಿಗೆ ನಾನು ಮಾರಿಯೆಂಥಾಲ್‌ನ ಕಥೆ ಹೇಳುತ್ತೇನೆ. ಆಸ್ಟ್ರಿಯಾದಲ್ಲಿ, ವಿಯೆನ್ನಾದಿಂದ ಬಹಳ ದೂರವಲ್ಲದ ಒಂದು ಹಳ್ಳಿ ಅದು. ಇಡೀ ಊರು ಒಂದೇ ಜವಳಿ ಗಿರಣಿಯನ್ನು ನಂಬಿಕೊಂಡಿತ್ತು. ಜಗತ್ತನ್ನೇ ಆವರಿಸಿದ ಆರ್ಥಿಕ ಮಹಾಕುಸಿತದ ಹೊತ್ತಿನಲ್ಲಿ ಗಿರಣಿ ಮುಚ್ಚಿತು. ಮರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ಕಂಡದ್ದು 1933ರಲ್ಲಿ ಪ್ರಕಟವಾಯಿತು. ಜನರಿಗೆ ಈಗ ಬೇಕಾದಷ್ಟು ಬಿಡುವಿತ್ತು, ಗ್ರಂಥಾಲಯದ ಶುಲ್ಕವನ್ನೂ ತೆಗೆದುಹಾಕಲಾಗಿತ್ತು. ಆದರೂ ಪುಸ್ತಕ ಒಯ್ಯುವವರು ಕಡಿಮೆಯಾದರು. ಎರವಲು ಹೋಗುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಸಂಶೋಧಕರು ಗಡಿಯಾರ ಹಿಡಿದು ಬೀದಿಯಲ್ಲಿ ಓಡಾಡುವವರ ನಡಿಗೆಯ ವೇಗವನ್ನು ಅಳೆದರು. ಮನೆಗೆಲಸವಿದ್ದ ಹೆಂಗಸರು ಬೇಗ ನಡೆಯುತ್ತಿದ್ದರು. ಕೆಲಸ ಕಳೆದುಕೊಂಡ ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ನಿಲ್ಲುತ್ತಿದ್ದರು. ಬೆಳಗಿನಿಂದ ಏನು ಮಾಡಿದಿರಿ ಎಂದು ಕೇಳಿದರೆ ಅವರಿಗೆ ಹೇಳಲು ಏನೂ ನೆನಪಾಗುತ್ತಿರಲಿಲ್ಲ.

ನನಗೆ ಇನ್ನೂ ಮುಖ್ಯವಾಗಿ ಕಂಡದ್ದು ಆ ತಂಡ ಹಾಕಿಕೊಂಡಿದ್ದ ನಿಯಮ. ಅಲ್ಲಿ ಯಾರೂ ಬರೀ ನೋಡುವವರಾಗಿ ಇರಕೂಡದು, ಊರಿಗೆ ಉಪಯೋಗವಾಗುವ ಒಂದು ಕೆಲಸವನ್ನು ಪ್ರತಿಯೊಬ್ಬರೂ ಮಾಡಬೇಕು ಎಂದು ಅವರು ತೀರ್ಮಾನಿಸಿದ್ದರು. ಬಟ್ಟೆ ಒದಗಿಸಿದರು, ವೈದ್ಯರನ್ನು ಕರೆತಂದರು, ಬಟ್ಟೆ ಕತ್ತರಿಸಿ ಹೊಲಿಯುವುದನ್ನು ಕಲಿಸಿದರು. ನೆಮ್ಮದಿ ಎಂಬುದಕ್ಕೆ ನಾಳೆ ಬೆಳಿಗ್ಗೆ ಎದ್ದು ಹೋಗಬೇಕಾದ ಒಂದು ಜಾಗ ಬೇಕು, ನಮ್ಮನ್ನು ಕಾಯುವ ನಾಲ್ಕು ಜನ ಬೇಕು. ಇದನ್ನು ಪೊಟ್ಟಣ ಕಟ್ಟಿ ಕೊಡಲಾಗುವುದಿಲ್ಲ. ನಮ್ಮ ಪಟ್ಟಿಯಲ್ಲಿರುವ ಒಂಟಿ ಹಿರಿಯರು ಕಿಟ್ ತೆಗೆದುಕೊಂಡ ಮೇಲೂ ಬಾಗಿಲಲ್ಲಿ ನಿಂತು ಮಾತು ಬೆಳೆಸುವುದನ್ನು ಕಾರ್ಯಕರ್ತರೆಲ್ಲ ನೋಡಿದ್ದಾರೆ. ಮುಂದಿನ ಮನೆಗೆ ಹೋಗುವ ಅವಸರದಲ್ಲಿ ಮಾತನ್ನು ತುಂಡರಿಸಿ ಬರುವುದೇ ರೂಢಿಯಾಗಿತ್ತು. ಈಗ ಮನೆಗಳ ಸಂಖ್ಯೆ ಕಡಿಮೆ ಮಾಡಿ, ಒಬ್ಬೊಬ್ಬ ಕಾರ್ಯಕರ್ತರಿಗೂ ಕೂತು ಮಾತಾಡುವಷ್ಟು ಹೊತ್ತು ಕೊಟ್ಟಿದ್ದೇವೆ. ಆ ಹೊತ್ತು ಯಾವ ವರದಿಯಲ್ಲೂ ಹಂಚಿಕೆಯಾಗಿ ಕಾಣುವುದಿಲ್ಲ.

ಹಾಗೆ ಮನೆಗಳ ಸಂಖ್ಯೆ ಕಡಿಮೆ ಮಾಡಬೇಕೆಂದಾಗ ಎದುರಾದದ್ದು ಎಲ್ಲಕ್ಕಿಂತ ಕಠಿಣ ಪ್ರಶ್ನೆ: ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪವೋ, ಕೆಲವರಿಗೆ ಸಾಕಷ್ಟೋ? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ಒಂದು ಕಾರ್ಯಕ್ರಮ ಶುರುಮಾಡಿತು. ಕಿರುಸಾಲವೂ ತಲುಪದ ಕುಟುಂಬಗಳು ಅವು. ಅವರಿಗೆ ಆದಾಯ ತರುವ ಒಂದು ಆಸ್ತಿ, ಹೆಚ್ಚಾಗಿ ಹಸುವೋ ಆಡೋ, ಅದನ್ನು ಸಾಕುವ ತರಬೇತಿ, ಆದಾಯ ಶುರುವಾಗುವವರೆಗೆ ಹೊಟ್ಟೆಪಾಡಿಗೆ ಒಂದಿಷ್ಟು, ಉಳಿತಾಯದ ಏರ್ಪಾಡು, ಆರೋಗ್ಯದ ನೆರವು, ಇಷ್ಟಕ್ಕೂ ಮಿಗಿಲಾಗಿ ಮನೆಗೆ ಬಂದು ಯೋಗಕ್ಷೇಮ ಕೇಳುವ ಒಬ್ಬ ಮನುಷ್ಯ. ಸುಮಾರು ಎರಡು ವರ್ಷ ಹೀಗೆ. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಇದನ್ನು ಅಳೆದು ನೋಡಿದ ಅಧ್ಯಯನ 2015ರಲ್ಲಿ ಬಂತು. ಒಟ್ಟಾರೆ ನೋಡಿದರೆ, ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೂ ಆ ಕುಟುಂಬಗಳು ಹೆಚ್ಚು ಉಣ್ಣುತ್ತಿದ್ದವು, ಹೆಚ್ಚು ಗಳಿಸುತ್ತಿದ್ದವು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷಗಳ ನಂತರ ಹೋಗಿ ನೋಡಿದಾಗಲೂ ಆ ವ್ಯತ್ಯಾಸ ಉಳಿದಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಖರ್ಚೇ ಲಾಭಕ್ಕಿಂತ ಹೆಚ್ಚಾಯಿತು. ಅಲ್ಲಿ ಕೊಟ್ಟ ಕೋಳಿಗಳಲ್ಲಿ ಬಹಳಷ್ಟು ರೋಗ ಬಂದು ಸತ್ತವು. ಆ ಕೋಳಿಗಳನ್ನು ನಾನು ಮರೆಯುವುದಿಲ್ಲ, ಯಾರೂ ಮರೆಯಬಾರದು ಎಂದೇ ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಕಾಗದದ ಮೇಲೆ ಚೆನ್ನಾಗಿರುವ ಯೋಜನೆ ಕೋಳಿಯ ಒಂದು ರೋಗಕ್ಕೆ ಉರುಳುತ್ತದೆ. ಆ ಊರಿನ ಮಣ್ಣು, ಹವೆ, ರೋಗ, ಸಂತೆ ಗೊತ್ತಿರುವವರನ್ನು ಮೊದಲು ಕೇಳಬೇಕು.

ಸಣ್ಣ ಸಂಸ್ಥೆಗೆ ಇಂಥ ಕಾರ್ಯಕ್ರಮದ ಖರ್ಚು ದೊಡ್ಡದು. ಈಗಿರುವ ಹಣದಲ್ಲಿ ಇದನ್ನು ಮಾಡಹೊರಟರೆ ಪಟ್ಟಿಯ ಸಣ್ಣದೊಂದು ಭಾಗಕ್ಕೆ ಮಾತ್ರ ಸಾಲುತ್ತದೆ. ಉಳಿದವರ ಮುಖ ನೋಡಿ ಏನು ಹೇಳುವುದು? ಸಮಿತಿ ಇದನ್ನು ಹಲವು ಸಲ ಎತ್ತಿ, ಹಲವು ಸಲ ಮುಂದೂಡಿತು. ಕೊನೆಗೆ, ಈ ನಿರ್ಧಾರವನ್ನು ಪಟ್ಟಿಯಲ್ಲಿರುವವರನ್ನು ಬಿಟ್ಟು ತೆಗೆದುಕೊಳ್ಳುವುದು ಸರಿಯಲ್ಲ ಎಂದು ಎಲ್ಲರಿಗೂ ಅನಿಸಿತು. ಸಮಿತಿಯಲ್ಲಿ ಸಹಾಯ ಪಡೆಯುವ ಕುಟುಂಬಗಳ ಇಬ್ಬರಿಗೆ ಸ್ಥಾನ ಕೊಡೋಣ ಎಂದಾಯಿತು.

1969ರಲ್ಲಿ ಶೆರ್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕನ್ ಮಹಿಳೆ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಬಿಡಿಸಿ ತೋರಿಸಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಕೂರಿಸಿಕೊಂಡಂತೆ ತೋರಿಸುವುದಷ್ಟೇ ಇರುತ್ತದೆ. ನಡುವಿನಲ್ಲಿ ಅಭಿಪ್ರಾಯ ಕೇಳುತ್ತಾರೆ, ತೀರ್ಮಾನ ತಾವೇ ಮಾಡುತ್ತಾರೆ. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಅಧಿಕಾರ ಕೈ ಬದಲಾಗುತ್ತದೆ. ಇಬ್ಬರಿಗೆ ಕುರ್ಚಿ ಹಾಕಿದ ಮಾತ್ರಕ್ಕೆ ಮೇಲಿನ ಮೆಟ್ಟಿಲು ಸಿಗುವುದಿಲ್ಲ ಎಂಬುದು ಮೊದಲ ಸಭೆಯಲ್ಲೇ ಗೊತ್ತಾಯಿತು. ಬಂದ ಇಬ್ಬರು ಹೆಣ್ಣುಮಕ್ಕಳು ಸೆರಗಿನ ಅಂಚು ಹಿಡಿದುಕೊಂಡು ಗೋಡೆ ಬದಿಯ ಕುರ್ಚಿಗಳಲ್ಲಿ ಕೂತರು. ನಡಾವಳಿ, ಅನುದಾನದ ಬಳಕೆ, ಮುಂದುವರಿದ ಶಿಲ್ಕು ಎಂದು ನಮ್ಮ ಮಾತು ನಡೆಯಿತು. ಅವರು ತಲೆಯಾಡಿಸಿದರು, ಸಹಿ ಮಾಡಿ ಹೋದರು.

ಬದಲಾವಣೆ ಅವರಲ್ಲಿ ಆಗಬೇಕಿರಲಿಲ್ಲ, ಸಭೆಯಲ್ಲಿ ಆಗಬೇಕಿತ್ತು. ಸಭೆಯನ್ನು ರಾತ್ರಿಯ ಅಡುಗೆಗೆ ತೊಂದರೆಯಾಗದ ಹೊತ್ತಿಗೆ ತಂದೆವು. ಅವರು ಕಳೆದುಕೊಳ್ಳುವ ಕೂಲಿಯನ್ನು ಸಂಸ್ಥೆಯೇ ತುಂಬಿಕೊಡುತ್ತದೆ ಎಂದು ನಿರ್ಣಯಿಸಿದೆವು. ಲೆಕ್ಕವನ್ನು ಹಿಂದಿನ ದಿನವೇ ಒಬ್ಬರು ಅವರ ಮನೆಗೆ ಹೋಗಿ ಓದಿ ಹೇಳುವ ಏರ್ಪಾಡಾಯಿತು. ಕೆಲವು ಸಭೆಗಳಾದ ಮೇಲೆ ಅವರಲ್ಲಿ ಹಿರಿಯರು ಬಾಯಿಬಿಟ್ಟರು. ಅಧ್ಯಕ್ಷರ ಕಡೆ ನೋಡಿ, "ಸರ್, ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ" ಎಂದರು. "ಕಿಟ್ ಕೊಡುವಾಗ ಫೋಟೊ ತೆಗೆಯುತ್ತೀರಲ್ಲ, ಅದನ್ನು ನನ್ನ ಮಗಳ ಶಾಲೆಯ ಮಕ್ಕಳು ಮೊಬೈಲಿನಲ್ಲಿ ನೋಡಿದರು. ಅವಳು ಎರಡು ದಿನ ಶಾಲೆಗೆ ಹೋಗಲಿಲ್ಲ. ಫೋಟೊ ಬೇಡ ಎಂದರೆ ಕಿಟ್ ನಿಲ್ಲಿಸಿಬಿಡುತ್ತೀರೇನೋ ಎಂದು ಇಷ್ಟು ದಿನ ಸುಮ್ಮನಿದ್ದೆ." ಅಧ್ಯಕ್ಷರು ತಕ್ಷಣ ಉತ್ತರಿಸಲಿಲ್ಲ. ಆಮೇಲೆ, "ಇಲ್ಲಮ್ಮ, ನಿಲ್ಲಿಸುವುದು ಫೋಟೊವನ್ನು" ಎಂದರು. ಅಂದಿನಿಂದ ಸಂಸ್ಥೆಯಲ್ಲಿ ವಿತರಣೆಯ ಫೋಟೊ ಇಲ್ಲ.

ಮಾತು ಶುರುವಾದ ಮೇಲೆ ಅವರಿಬ್ಬರು ತಂದ ವಿಷಯಗಳು ನಮ್ಮ ಯಾರ ಪಟ್ಟಿಯಲ್ಲೂ ಇರಲಿಲ್ಲ. ಬಾಡಿಗೆ ಕರಾರಿನ ಕಾಗದ ಓದಿ ಅರ್ಥ ಹೇಳುವವರು ಬೇಕು. ಸಂಜೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಮಕ್ಕಳನ್ನು ಬಿಟ್ಟುಹೋಗಲು ಒಂದು ಕೋಣೆ ಬೇಕು. ನೋಡಿಕೊಳ್ಳುವವರು ಬೀದಿಯಲ್ಲೇ ಇದ್ದಾರೆ, ಅವರಿಗೆ ಸಂಬಳ ಕೊಟ್ಟರೆ ಸಾಕು. ದುಬಾರಿ ಬಡ್ಡಿಯ ಸಾಲ ತೀರಿಸಲು ಒಂದು ಸಾಮೂಹಿಕ ನಿಧಿ ಬೇಕು, ಅದನ್ನು ಅವರೇ ನಡೆಸುತ್ತಾರೆ. ಮತ್ತೆ, ಯಾರಿಗೆ ಮೊದಲು ಹೆಚ್ಚಿನ ನೆರವು ಎಂಬ ನಮ್ಮ ಕಠಿಣ ಪ್ರಶ್ನೆಗೆ ಅವರ ಬಳಿ ಉತ್ತರ ಸಿದ್ಧವಾಗಿತ್ತು. ಸಾಲದಲ್ಲಿ ಮುಳುಗಿರುವ, ದುಡಿಯುವ ಕೈ ಒಂದೇ ಇರುವ ಮನೆಗಳು ಯಾವುವು ಎಂದು ಬೀದಿಗೆಲ್ಲ ಗೊತ್ತು. ಬೀದಿಯವರನ್ನೆಲ್ಲ ಕೂಡಿಸಿ ಕೇಳಿ, ಅವರೇ ಹೇಳುತ್ತಾರೆ ಎಂದರು. ಹಾಗೇ ಮಾಡಿದೆವು. ತಕರಾರು ಬರಲಿಲ್ಲವೆಂದಲ್ಲ, ಬಂತು. ಆದರೆ ತಕರಾರು ಎಲ್ಲರ ಎದುರೇ ಆಯಿತು, ಅಲ್ಲೇ ತೀರಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬಾಡಿಗೆ ಏರುತ್ತಲೇ ಹೋದರೆ, ಕೂಲಿ ಏರದೇ ಹೋದರೆ, ಆಸ್ಪತ್ರೆಯ ಒಂದು ಬಿಲ್ಲು ಒಂದು ಮನೆಯನ್ನು ಮುಳುಗಿಸುವಂತಿದ್ದರೆ, ಸ್ಥಳೀಯ ಸಂಸ್ಥೆಯೊಂದು ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಹೊಸ ಹೆಸರುಗಳು ಸೇರುತ್ತಲೇ ಇರುತ್ತವೆ. ಸೇವಾ ಸಂಸ್ಥೆಗಳು ರಾಜಕೀಯ ಮಾತಾಡಬಾರದು ಎಂಬ ಸಂಕೋಚ ನಮ್ಮಲ್ಲಿ ಬಹಳ. ಪಕ್ಷದ ಮಾತು ಬೇಡ, ಸರಿ. ಆದರೆ ಕನಿಷ್ಠ ವೇತನ ಕೊಡದಿರುವುದನ್ನು, ಬರಬೇಕಾದ ಪಿಂಚಣಿ ತಿಂಗಳುಗಟ್ಟಲೆ ನಿಂತಿರುವುದನ್ನು ಹತ್ತಿರದಿಂದ ಕಂಡವರೇ ಹೇಳದಿದ್ದರೆ ಇನ್ನಾರು ಹೇಳಬೇಕು? ನಾವು ಮನೆಗಳಲ್ಲಿ ಕೇಳಿದ್ದನ್ನು, ಹೆಸರುಗಳನ್ನು ಬಿಟ್ಟು, ಸಂಬಂಧಪಟ್ಟ ಕಚೇರಿಗಳಿಗೆ ಬರೆದು ಕೊಡಲು ಶುರುಮಾಡಿದ್ದೇವೆ. ಉತ್ತರ ಬರುವುದು ನಿಧಾನ. ಬರೆಯುವುದನ್ನು ನಿಲ್ಲಿಸುವುದಿಲ್ಲ.

ಇನ್ನು ದಾನಿಗಳ ವಿಷಯ. ಫೋಟೊ ನಿಂತ ಮೇಲೆ ಕೆಲವರು ಅಸಮಾಧಾನಗೊಂಡರು. ಒಬ್ಬರು, ಕೊಟ್ಟದ್ದು ಎಲ್ಲಿ ಹೋಯಿತೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರನ್ನು ಮುಂದಿನ ಸಭೆಗೆ ಕರೆದೆವು, ಬಂದರು, ಆ ಇಬ್ಬರು ಸದಸ್ಯೆಯರು ಲೆಕ್ಕದ ಬಗ್ಗೆ ಖಜಾಂಚಿಯವರನ್ನು ಪ್ರಶ್ನಿಸುವುದನ್ನು ಕೂತು ಕೇಳಿದರು. ಇನ್ನೊಬ್ಬರು ತಮ್ಮ ಹಣ ಕಿಟ್‌ಗೆ ಮಾತ್ರ ಬಳಕೆಯಾಗಬೇಕು, ಕಾರ್ಯಕರ್ತರ ಸಂಬಳಕ್ಕಾಗಲಿ ಮಕ್ಕಳ ಕೋಣೆಗಾಗಲಿ ಅಲ್ಲ ಎಂದು ಬರೆದರು. ಅವರಿಗೆ ಬರೆದ ಉತ್ತರದಲ್ಲಿ ಸಮಿತಿ ಮೂರು ವರ್ಷಗಳ ಕಾಲಾವಕಾಶವನ್ನೂ, ಹಣವನ್ನು ಬೀದಿಯವರು ಹೇಳಿದ ಕೆಲಸಕ್ಕೆ ಬಳಸುವ ಸ್ವಾತಂತ್ರ್ಯವನ್ನೂ ಕೇಳಿದೆ. ಅವರ ಉತ್ತರ ಇನ್ನೂ ಬಂದಿಲ್ಲ. ಈ ನಡುವೆ ಸಾಮೂಹಿಕ ನಿಧಿಯ ಖಾತೆ ತೆರೆದಾಗಿದೆ. ಸಹಿ ಮಾಡುವ ಮೂವರಲ್ಲಿ ಇಬ್ಬರು ನಮ್ಮ ಪಟ್ಟಿಯಲ್ಲಿರುವ ಮನೆಗಳವರು. ಮೊದಲ ಸಾಲ ಯಾವ ಮನೆಯದ್ದು ತೀರಬೇಕು ಎಂಬುದನ್ನು ಮುಂದಿನ ವಾರ ಬೀದಿಯ ಸಭೆಯಲ್ಲಿ ತೀರ್ಮಾನಿಸುತ್ತಾರೆ.